ಮೀನಖಂಡ ನೋಡುವ ಮಾವ

ನಮ್ಮ ಸೋದರಮಾವನಿಗೆ ಮೊನ್ನೆ ಮೊನ್ನೆಯವರೆಗೂ ನನ್ನ ಮುಖ ಗೊತ್ತಿರಲಿಲ್ಲ. ನಂಬುವುದು ಕಷ್ಟ, ಒಪ್ಪುತ್ತೇನೆ. ಹೊಸಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ಹಿಟ್ಟಿನ ಗಿರಣಿ, ಒಂದು ಇಸ್ತ್ರಿ ಅಂಗಡಿ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನದಿಂದ ನೋಡುತ್ತಾ ಬಂದಿದ್ದಾರೆ. ಆದರೆ ಅವರು ನೋಡುವುದು ಮೊಣಕಾಲಿನಿಂದ ಕೆಳಗೆ ಮಾತ್ರ! ಯಾರು ಎದುರಿಗೆ ಬಂದರೂ ಅವರ ಕಣ್ಣು ನೇರವಾಗಿ ಮೀನಖಂಡಕ್ಕೆ ಹೋಗಿ ಕೂರುತ್ತದೆ. ಮೊಣಕಾಲಿನ ಹಿಂದೆ, ಹಿಮ್ಮಡಿಯ ಮೇಲೆ ದೇವರು ಇಟ್ಟಿರುವ ಆ ಗುಂಡನೆಯ ಮಾಂಸದಲ್ಲೇ ಮನುಷ್ಯನ ಇಡೀ ಜಾತಕ ಇದೆ ಎಂದು ಅವರು ನಂಬಿದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಅತ್ತೆಯ ಭಯವಿರುವುದರಿಂದ ನೋಟ ಚಪ್ಪಲಿಗೇ ಮುಗಿಯುತ್ತದೆ. ನಾನು ಹೊಸ ಚಪ್ಪಲಿ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದ ದಿನ ಎದುರಿಗೆ ಬಂದವರು ಮಾತಾಡಿಸದೆ ದಾಟಿಹೋದರು. ಸಂಜೆ ಕೇಳಿದರೆ, "ನೀನಾ ಅದು? ಯಾರೋ ಬ್ಯಾಂಕಿನಾಕಿ ಅನ್ಕೊಂಡೆ" ಅಂದರು.

ಈ ಚಾಳಿ ಹತ್ತಿದ್ದು ಎರಡು ಕಾರಣಕ್ಕೆ. ಒಂದು, ಅವರು ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಭತ್ತ ಪರೀಕ್ಷೆ ಮಾಡಿದವರು. ಚೀಲದಿಂದ ನಾಲ್ಕು ಕಾಳು ತೆಗೆದು, ಹಲ್ಲಿನಲ್ಲಿ ಕಚ್ಚಿ, "ಹಸಿ ಐತಿ, ಇನ್ನೆರಡು ದಿನ ಒಣಗಸ್ರಿ" ಎಂದು ಹೇಳುವುದು ಅವರ ಕೆಲಸ. ಎರಡು, ಅವರು ನಮ್ಮ ಓಣಿಯ 'ಕಾಲುವೆದಂಡೆ ಕಬಡ್ಡಿ ಬಳಗ'ದ ಸ್ಥಾಪಕರು, ತರಬೇತುದಾರರು, ಆಯ್ಕೆ ಸಮಿತಿ, ಅಡುಗೆಯವರು, ಎಲ್ಲವೂ. ಮಿಲ್ಲಿನ ವಿದ್ಯೆಯನ್ನು ಕಬಡ್ಡಿಗೆ ತಂದರು ನೋಡಿ, ಅಲ್ಲಿಂದ ಊರಿನ ಗಂಡಸರಿಗೆ ಪ್ಯಾಂಟು ಮಡಚಿ ನಡೆಯುವುದು ಕಷ್ಟವಾಯಿತು. ಬಸ್ ಕಂಡಕ್ಟರನಿಂದ ಹಿಡಿದು ದೇವಸ್ಥಾನದ ಅರ್ಚಕರವರೆಗೆ ಯಾರ ಮೀನಖಂಡವನ್ನೂ ಅವರು ಒತ್ತಿ ನೋಡದೆ ಬಿಟ್ಟಿಲ್ಲ. ಅರ್ಚಕರ ಬಗ್ಗೆ ಬಂದ ತೀರ್ಪು, "ಕಾಳು ಚಲೋ ಐತಿ, ಹೊಟ್ಟು ಭಾಳ."

ನನ್ನ ಮದುವೆಯೂ ಮೀನಖಂಡದ ಮೇಲೆಯೇ ನಿಂತದ್ದು. ನನ್ನನ್ನು ನೋಡಲು ಬಂದ ಹುಡುಗ ಕಾಲು ತೊಳೆಯಲು ಪ್ಯಾಂಟು ಮೇಲೆತ್ತಿದ್ದೇ ತಡ, ಮಾವ ಚೊಂಬು ಕೊಡುವ ನೆಪದಲ್ಲಿ ಕೂತು ಎರಡೂ ಕಾಲನ್ನು ಒತ್ತಿ ನೋಡಿದರು. ಹುಡುಗ ಗಾಬರಿಯಾಗಿ, ಈ ಕಡೆ ಇದೊಂದು ಶಾಸ್ತ್ರವಿರಬೇಕು ಎಂದುಕೊಂಡು ಸುಮ್ಮನೆ ನಿಂತನಂತೆ. ಮಾವ ಒಳಗೆ ಬಂದು ನಮ್ಮಪ್ಪನಿಗೆ ಹೇಳಿದರು:

"ಕೊಡ್ರಿ ಹುಡುಗೀನ. ಎಡಗಡಿ ಕಾರ್ನರ್‌ಗೆ ಆಕ್ಕಾನ."

ಹುಡುಗನ ಉದ್ಯೋಗ, ಮನೆತನ, ಹೊಲ ಯಾವುದೂ ಚರ್ಚೆಗೆ ಬರಲಿಲ್ಲ. ಮದುವೆಯಾಗಿ ನಮ್ಮ ಓಣಿಗೇ ಬಂದು ನೆಲೆಸಿದ ನನ್ನ ಗಂಡನನ್ನು ಮೂರನೇ ವಾರ ಕಬಡ್ಡಿ ಅಂಕಣದ ಎಡಮೂಲೆಗೆ, ಅಂದರೆ ಎಡಗಡೆ ಕಾರ್ನರ್‌ಗೆ ನಿಲ್ಲಿಸಿದರು, ನಾಲ್ಕನೇ ವಾರ ಅವರ ಪಾದ ಉಳುಕಿತು. ಅಕ್ಷರ ದುಂಡಗಿದೆ ಎಂಬ ಅಪರಾಧಕ್ಕೆ ನಾನು ಬಳಗದ ಕಾರ್ಯದರ್ಶಿಯಾದೆ. ಹೀಗೆ ನಮ್ಮ ಸಂಸಾರ ಶುರುವಾಯಿತು.

ಮಾವನ ಲೆಕ್ಕದಲ್ಲಿ ಕಬಡ್ಡಿಗೆ ಐದು ಮೆಟ್ಟಿಲು: ಓಣಿ, ತಾಲೂಕು, ಜಿಲ್ಲೆ, ರಾಜ್ಯ, ಟಿವಿ. ದೇಶದ ದೊಡ್ಡ ದೊಡ್ಡ ಆಟಗಾರರು ಆಡುವ ಆ ದೊಡ್ಡ ಲೀಗಿಗೆ ಅವರು ಇಟ್ಟಿರುವ ಹೆಸರು ಬರೀ 'ಟಿವಿ'. "ಈ ಹುಡುಗ ಟಿವಿಗೆ ಹೊಕ್ಕಾನ" ಎಂದು ಅವರು ಎಷ್ಟು ಜನರ ಬಗ್ಗೆ ಭವಿಷ್ಯ ನುಡಿದಿಲ್ಲ! ಆದರೆ ಅಷ್ಟು ವರ್ಷದಲ್ಲಿ ಬಳಗದಿಂದ ಟಿವಿಗೆ ಹೋದವನು ಒಬ್ಬನೇ. ಅವನ ಬಾಳೆತೋಟಕ್ಕೆ ಕರಡಿ ನುಗ್ಗಿತ್ತು, ಲೋಕಲ್ ಚಾನೆಲ್‌ನವರು ಬಂದು ಅವನನ್ನು ಮಾತಾಡಿಸಿದರು. ತಾನು ಹೇಗೆ ಓಡಿದೆ ಎಂದು ಅವನು ಕ್ಯಾಮೆರಾ ಮುಂದೆ ಓಡಿ ತೋರಿಸಿದ. ಮಾವ ಅದನ್ನು ನಾಲ್ಕು ಸಲ ನೋಡಿ, "ತಿರುಗೋದು ನಿಧಾನ ಆಗೈತಿ" ಎಂದು ಅವನನ್ನು ತಂಡದಿಂದ ಕೈಬಿಟ್ಟರು.

ಆಟಗಾರರನ್ನು ಸೇರಿಸಿಕೊಳ್ಳುವ ಪದ್ಧತಿಯೂ ಅವರದೇ. ಬೇರೆ ತಂಡಗಳು ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸುತ್ತವೆ. ಮಾವನಿಗೆ ಕಾಗದದ ಮೇಲೆ ನಂಬಿಕೆಯಿಲ್ಲ. ಅವರದು ವೀಳ್ಯ. ಐದು ವೀಳ್ಯದೆಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿ ತಟ್ಟೆಯಲ್ಲಿಟ್ಟುಕೊಂಡು ಆಟಗಾರನ ಮನೆಗೇ ಹೋಗಬೇಕು. ಮನೆಯ ಹಿರಿಯರ ಎದುರಿಗೆ ಕೊಡಬೇಕು. ಅವನು ಅಲ್ಲೇ ಒಂದು ಎಲೆ ಬಾಯಿಗೆ ಹಾಕಿಕೊಂಡು ಅಗಿದ ಎಂದರೆ ಮುಗಿಯಿತು, ದಸರೆಯಿಂದ ಯುಗಾದಿಯವರೆಗೆ ಅವನು ಬಳಗದವನು.

"ಕಾಗದ ಹರದು ಒಗೀಬಹುದು. ತಿಂದ ಎಲಿ ಹೆಂಗ ವಾಪಸ್ ಕೊಡ್ತೀ?" ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಇದುವರೆಗೆ ಯಾವ ಲಾಯರೂ ಉತ್ತರ ಕೊಟ್ಟಿಲ್ಲ. ನಮ್ಮ ಕಡೆ ಹಿರಿಯರ ಎದುರು ಎಲೆ ತಿಂದು ತಪ್ಪುವ ಧೈರ್ಯ ಯಾರಿಗಿದೆ ಹೇಳಿ?

ಇಷ್ಟೆಲ್ಲ ಇದ್ದೂ ಮಾವನಿಗೊಂದು ಕೊರಗು ಇತ್ತು. ಸಂಡೂರಿನಲ್ಲಿ ಪ್ರತಿ ವರ್ಷ ನಡೆಯುವ ಕಬಡ್ಡಿ ಪಂದ್ಯಾವಳಿಯ ಕಪ್ಪು. ಬಳಗ ಏಳು ಸಲ ಫೈನಲ್ಲಿಗೆ ಹೋಗಿ ಏಳು ಸಲವೂ ಸೋತಿತ್ತು. ಎರಡನೇ ಸ್ಥಾನದ ಏಳು ಫಲಕಗಳು ಅವರ ಮನೆಯಲ್ಲಿವೆ. ಒಂದರ ಮೇಲೆ ಅತ್ತೆ ಗ್ಯಾಸ್ ಒಲೆ ಇಟ್ಟಿದ್ದಾರೆ. ಇನ್ನು ಮೂರು ಉಪ್ಪಿನಕಾಯಿ ಜಾಡಿಗಳ ಮುಚ್ಚಳ. ಮೂರು ಸೇರಿ ಟೇಬಲ್ಲಿನ ಮೂರು ಕಾಲಿನ ಅಡಿಗೆ ಹೋಗಿವೆ.

ಹೀಗಿರುವಾಗ ಹೋದ ವರ್ಷ ದಸರೆಗೆ ಮುಂಚೆ ಮಾವ ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಮಲಾಪುರದ ಹತ್ತಿರ ಬಾಳೆಗೊನೆ ಹೊತ್ತವನೊಬ್ಬ ಕಾಲುವೆ ಹಾರಿ ಲಾರಿ ಕಡೆ ಓಡಿದ್ದು ಕಿಟಕಿಯಿಂದ ಕಂಡಿತು. ಹೆಗಲ ಮೇಲೆ ಗೊನೆ, ಕೆಳಗೆ ಆ ಜಿಗಿತ! ಮಾವ ಬಸ್ಸು ನಿಲ್ಲಿಸಲು ಕೂಗಿದರು. ಕಂಡಕ್ಟರ್ (ತನ್ನ ಮೀನಖಂಡ 'ಪೊಳ್ಳು' ಎನ್ನಿಸಿಕೊಂಡಿದ್ದವನು) ಬಸ್‌ಸ್ಟ್ಯಾಂಡ್ ಬರುವ ತನಕ ಸೀಟಿ ಊದಲಿಲ್ಲ. ಇವರು ಇಳಿದು ಓಡಿಬರುವಷ್ಟರಲ್ಲಿ ಲಾರಿಯೂ ಇಲ್ಲ, ಹುಡುಗನೂ ಇಲ್ಲ.

ಈಗ ಹುಡುಕುವುದು ಹೇಗೆ? "ಹುಡುಗ ಹೆಂಗಿದ್ದ?" ಎಂದು ಕಮಲಾಪುರದವರು ಕೇಳಿದರೆ ಮಾವ ಕೈಯಲ್ಲಿ ಅಳತೆ ತೋರಿಸುತ್ತಿದ್ದರು, "ಇಷ್ಟು ದಪ್ಪ, ಇಲ್ಲಿಂದ ತಿರುವು, ಎಡಗಾಲಿನ್ಯಾಗ ಒಂದು ಮಚ್ಚಿ." "ಅದಲ್ರಿ, ಮುಖ?" "ಮುಖ ಇತ್ತು." ಮೂರು ದಿನ ಕಮಲಾಪುರದ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ಹೋಗಿ ಬರುವವರ ಕಾಲನ್ನೇ ನೋಡಿದರು. ಚಪ್ಪಲಿ ಕಳ್ಳನಿರಬೇಕು ಎಂದು ಅಂಗಡಿಯವನು ತನ್ನ ಚಪ್ಪಲಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡ. ಮೂರನೇ ದಿನ ಮಧ್ಯಾಹ್ನ ಮಚ್ಚೆಯ ಕಾಲು ಬಂತು, ಅದರ ಮೇಲೆ ಹುಲುಗಪ್ಪ ಇದ್ದ. ಇಪ್ಪತ್ತೊಂದು ವರ್ಷ, ತಂದೆ ಇಲ್ಲ, ತಾಯಿಯೊಂದಿಗೆ ಬಾಳೆತೋಟದ ಕೂಲಿ. ಆಡಿದ್ದು ಕೇರಿಯ ಕಬಡ್ಡಿ ಮಾತ್ರ. ಮೊದಲ ಮಾತು ಹಿರಿಯರ ಎದುರಿಗೇ ಆಗಬೇಕೆಂದು ಮಾವ ಬಂದ ಕಾರಣ ಅವನಿಗೆ ಬಿಚ್ಚಿ ಹೇಳದೆ, ಮನೆ ಎಲ್ಲಿ ಎಂದಷ್ಟೇ ಕೇಳಿಕೊಂಡು ಬಂದರು.

ಮರುದಿನವೇ ವೀಳ್ಯ. ಅಂದು ನಾನು, ಅತ್ತೆ, ಮಾವ ಮೂವರೂ ಹಂಪಿಗೆ ಹೋಗಿ ದೇವರ ದರ್ಶನ ಮುಗಿಸಿಕೊಂಡು, ಹಾಗೇ ಹುಲುಗಪ್ಪನ ಮನೆಗೆ ಹೋದೆವು. ನಾವಿಬ್ಬರೂ ರೇಷ್ಮೆ ಸೀರೆ ಉಟ್ಟಿದ್ದೆವು. ಮಾವನ ಕೈಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ. ಹುಲುಗಪ್ಪ ತೋಟಕ್ಕೆ ಹೋಗಿದ್ದ. ಅವನ ತಾಯಿ ನಮ್ಮನ್ನು ನೋಡಿ ಒಂದು ಗಳಿಗೆ ಬಾಗಿಲಲ್ಲೇ ನಿಂತು, ಆಮೇಲೆ ಸೆರಗು ಸರಿಮಾಡಿಕೊಂಡು, "ಬರ್ರಿ, ಒಳಗ ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದರು. ಪಕ್ಕದ ಮನೆಗಳಿಗೆ ಸುದ್ದಿ ಹೋಯಿತು. ಕ್ಷಣದಲ್ಲಿ ಎಂಟು ಹತ್ತು ಜನ ಸೇರಿದರು, ಮಂಡಕ್ಕಿ ಮಿರ್ಚಿ ಬಂತು. ಎಂಥ ಮರ್ಯಾದಸ್ಥ ಊರು ಅಂದುಕೊಂಡೆ ನಾನು.

"ಹುಡುಗ ನಮಗ ಒಪ್ಪಿಗಿ ಆಗ್ಯಾನವ್ವ" ಎಂದು ಮಾವ ಶುರು ಮಾಡಿದರು. "ನಿನ್ನೆ ನೋಡೀನಿ. ಮೈಕಟ್ಟು ಮಸ್ತ್ ಐತಿ. ಕುಡಿಯೋದು ಗಿಡಿಯೋದು ಇಲ್ಲಲ್ಲ?"

"ಅಯ್ಯ, ನೀರು ಬಿಟ್ರ ಮಜ್ಜಿಗಿ ಅಣ್ಣಾರ."

"ಹಂಗಾದ್ರ ದಸರಾಕ್ಕ ನಮ್ಮನಿಗೆ ಕಳಿಸು. ಊಟ, ವಸತಿ ಎಲ್ಲಾ ನಮ್ದು. ಮಗನ ಹಂಗ ನೋಡ್ಕೋತೀವಿ."

ತಾಯಿಯ ಕಣ್ಣಲ್ಲಿ ನೀರು. "ಮನಿ ಅಳಿಯ ಅಂದ್ರ ನನಗ ಮನಸಿಲ್ಲ ಅಣ್ಣಾರ, ಇರೋದು ಒಬ್ಬನ ಮಗ. ಆದ್ರೂ ನೀವು ದೊಡ್ಡ ಮನಸು ಮಾಡಿ ಬಂದೀರಿ. ಹುಡುಗಿ ಎಷ್ಟು ಓದ್ಯಾಳ?"

ಮಾವ ಕಚ್ಚಿದ್ದ ಮಿರ್ಚಿಯನ್ನು ಬಾಯಿಂದ ತೆಗೆದರು. "ಯಾವ ಹುಡುಗಿ?"

ಅಷ್ಟರಲ್ಲಿ ತಟ್ಟೆ ದೇವರ ಮುಂದೆ ಹೋಗಿತ್ತು, ಕುಂಕುಮ ಏರಿಯಾಗಿತ್ತು. ತೋಟದಿಂದ ಬಂದ ಹುಲುಗಪ್ಪನ ಬಾಯಿಗೆ ಪಕ್ಕದ ಮನೆಯ ಅಜ್ಜಿ ಒಂದು ಎಲೆ ತುರುಕಿ, ತಲೆ ಸವರಿ, "ಮದ್ವಿ ಯಾವಾಗ?" ಎಂದು ಕೇಳಿಯಾಗಿತ್ತು. ಕಬಡ್ಡಿ ಎಂದು ಬಿಡಿಸಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ಎಲ್ಲ ಕೇಳಿಸಿಕೊಂಡ ತಾಯಿ ಶಾಂತವಾಗಿ ಹೇಳಿದರು:

"ಅದೆಲ್ಲಾ ನನಗ ಗೊತ್ತಿಲ್ಲ. ನಾಕು ಮಂದಿ ಮುಂದ ಎಲಿ ಅಡಿಕಿ ಇಸ್ಕೊಂಡೀನಿ. ಕಬಡ್ಡಿ ಆಡಸ್ಕೋರಿ, ಬ್ಯಾಡ ಅನ್ನಂಗಿಲ್ಲ. ಹುಡುಗಿ ಮಾತ್ರ ನೀವ ಹುಡುಕಬೇಕು."

ತಿಂದ ಎಲೆ ವಾಪಸ್ ಇಲ್ಲ ಎಂದು ಊರಿಗೆಲ್ಲ ಹೇಳಿದವರು ತಮ್ಮ ಬಲೆಯಲ್ಲಿ ತಾವೇ ಬಿದ್ದರು. ಒಪ್ಪದೆ ಏನು ಮಾಡುತ್ತಾರೆ? ಬಸ್ಸಿನಲ್ಲಿ ಬರುವಾಗ ಅತ್ತೆ ಕೇಳಿದರು, "ಹುಡುಗಿ ಏನು ನೋಡಿ ಆರಿಸ್ತೀರಿ, ಚಪ್ಪಲಿನಾ?"

ಹುಲುಗಪ್ಪ ಬಂದ ಮೇಲೆ ಬಳಗದ ನಸೀಬೇ ತಿರುಗಿತು. ಅವನು ರೇಡಿಗೆ ಹೋದರೆ ಮೂವರನ್ನು ಮುಟ್ಟಿ, ಕಾಲುವೆ ಹಾರಿದಂತೆ ಹಾರಿ ಗೆರೆ ದಾಟುತ್ತಿದ್ದ. ಆಡಿದ ಪಂದ್ಯವನ್ನೆಲ್ಲ ಗೆದ್ದೆವು. ಸಂಡೂರಿನ ಫೈನಲ್ಲಿಗೂ ಬಂದೆವು. ಈ ಸಲ ಕಪ್ಪು ನಮ್ಮದೇ ಎಂದು ಎದುರಾಳಿಗಳೇ ಹೇಳುತ್ತಿದ್ದರು. ಮಾವ ಕಪ್ಪಿಡಲು ಗೋಡೆಯಲ್ಲಿ ಗೂಡು ಕೊರೆಸಿದರು. ಅದಕ್ಕೆ ಗಾಜಿನ ಬಾಗಿಲು ಬೇರೆ.

ಈ ನಡುವೆ ನಾನೊಂದು ಕೆಲಸ ಮಾಡಿದ್ದೆ. ಹುಲುಗಪ್ಪನ ಆಟವನ್ನು ಫೋನಿನಲ್ಲಿ ಹಿಡಿದು, ಟಿವಿ ಲೀಗಿನ ತಂಡವೊಂದು ಹೊಸಬರ ಆಯ್ಕೆಗೆ ಕರೆದಾಗ ಮಾವನಿಗೂ ಹೇಳದೆ ಕಳಿಸಿಬಿಟ್ಟಿದ್ದೆ. ಉತ್ತರ ಬರುತ್ತದೆಂದು ಯಾರು ಕಂಡಿದ್ದರು? ಫೈನಲ್ಲಿಗೆ ನಾಲ್ಕು ದಿನ ಇರುವಾಗ ಬಂತು. ಭಾನುವಾರ ಹುಬ್ಬಳ್ಳಿಯಲ್ಲಿ ಆಯ್ಕೆ, ಒಂದೇ ದಿನ, ತಪ್ಪಿದರೆ ಮುಂದಿನ ವರ್ಷ. ಸಂಡೂರಿನ ಫೈನಲ್ ಕೂಡ ಅದೇ ಭಾನುವಾರ!

ಹೇಳುವುದೋ ಬಿಡುವುದೋ ಎಂದು ಒಂದು ದಿನ ಒದ್ದಾಡಿದೆ. ಆಮೇಲೆ ಸಂಜೆ ಕಾಲುವೆ ದಂಡೆಯ ಮೈದಾನಕ್ಕೆ ಹೋದೆ. ಅಭ್ಯಾಸ ಮುಗಿದಿತ್ತು. ಹುಲುಗಪ್ಪ ನಿಂತಿದ್ದ, ಮಾವ ನೆಲದ ಮೇಲೆ ಕೂತು ಅವನ ಮೀನಖಂಡಕ್ಕೆ ಎಳ್ಳೆಣ್ಣೆ ತಿಕ್ಕುತ್ತಿದ್ದರು. ಎಲ್ಲರೆದುರು ಓದಿ ಹೇಳಿದೆ. ಹುಡುಗರೆಲ್ಲ ಹುಲುಗಪ್ಪನ ಕಡೆ ತಿರುಗಿದರು. ಅವನು ಅಂದ:

"ನಾ ಹೋಗಂಗಿಲ್ಲ ಮಾವ. ಎಲಿ ತಿಂದೀನಿ."

ಹುಡುಗರು ಚಪ್ಪಾಳೆ ಹೊಡೆದರು. ಒಬ್ಬ ಶಿಳ್ಳೆ ಹಾಕಿದ. ಮಾವನ ಕೈ ಮಾತ್ರ ನಿಂತಿತು. ತಲೆ ಮೆಲ್ಲಗೆ ಮೇಲೆದ್ದಿತು. ನೋಟ ಮೊಣಕಾಲು ದಾಟಿತು, ಚಡ್ಡಿ ದಾಟಿತು, ಎದೆ ದಾಟಿ ಹುಲುಗಪ್ಪನ ಮುಖಕ್ಕೆ ಬಂದು ನಿಂತಿತು. ಮಾವ ಒಬ್ಬ ಆಟಗಾರನ ಮುಖ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. ಹುಲುಗಪ್ಪ ನಗುತ್ತಲೇ ಇದ್ದ. ಆಮೇಲೆ ಮಾವ ಎದ್ದು ಕೈಯೆಣ್ಣೆಯನ್ನು ಪಂಚೆಗೆ ಒರೆಸಿಕೊಂಡು, "ಬಾರವ್ವ, ಕಮಲಾಪುರಕ್ಕ ಬಸ್ಸು ಐತಿ" ಎಂದು ನನ್ನನ್ನು ಹೊರಡಿಸಿದರು.

ಹುಲುಗಪ್ಪನ ತಾಯಿ ನಮ್ಮನ್ನು ಕಂಡೊಡನೆ, "ಹುಡುಗಿ ಸಿಕ್ಕಳೇನ್ರಿ?" ಎಂದರು.

"ಅದಿರ್ಲಿ. ನನಗೊಂದು ವೀಳ್ಯ ಕೊಡವ್ವ."

"ನಿಮಗಾ? ಯಾಕ?"

"ನಾ ಕೊಟ್ಟಿದ್ದನ್ನ ನಾನ ವಾಪಸ್ ಇಸ್ಕೊಳ್ಳಾಕ ಬರಂಗಿಲ್ಲ. ಹುಬ್ಬಳ್ಳ್ಯಾಗ ಟಿವಿ ಆಟಕ್ಕ ಹುಡುಗ್ರನ್ನ ಆರಿಸ್ತಾರ, ನಾ ಹೋಗು ಅಂದ್ರೂ ಅವ ಹೋಗಂಗಿಲ್ಲ, ಎಲಿ ತಿಂದೀನಿ ಅಂತಾನ. ಆದ್ರ ನೀ ನನಗ ಎಲಿ ಕೊಟ್ರ ನಾ ನಿನ್ನ ಮಾತು ಕೇಳಬೇಕಾಕ್ಕತಿ. ನನ್ನ ಮಗನ್ನ ಹುಬ್ಬಳ್ಳಿಗೆ ಕಳಸು ಅಂತ ನೀ ಹೇಳು. ಆಗ ನಾ ಎಲಿ ತಿಂದು ಮಾತು ತಪ್ಪಬಾರದು ಅಂತ ಅವನೂ ಹೋಗಬೇಕಾಕ್ಕತಿ."

ಇಂಥ ಕಾನೂನು ಎಲ್ಲಿತ್ತೋ ನನಗೆ ತಿಳಿಯದು. ಬಸ್ಸಿನಲ್ಲಿ ಕೂತು ಮಾವನೇ ಹೊಸೆದದ್ದು ಅಂತ ನನ್ನ ಗುಮಾನಿ. ಆ ತಾಯಿ ಒಂದು ಗಳಿಗೆ ಯೋಚಿಸಿದರು.

"ಅಂದ್ರ ನಾ ಏನ್ ಹೇಳಿದ್ರೂ ಕೇಳಬೇಕು?"

"ಕೇಳಬೇಕು."

"ಹಂಗಾದ್ರ ಎರಡು ಹೇಳ್ತೀನಿ. ಒಂದು, ನನ್ನ ಮಗನ್ನ ಹುಬ್ಬಳ್ಳಿಗೆ ಕಳಸ್ರಿ. ಎರಡು, ಯುಗಾದಿ ಒಳಗ ಹುಡುಗಿ ಆಗಬೇಕು."

ಮಾವ ನನ್ನ ಚಪ್ಪಲಿ ಕಡೆ ದಯನೀಯವಾಗಿ ನೋಡಿ, ಆ ತಾಯಿ ಕೊಟ್ಟ ಐದು ಎಲೆ ತೆಗೆದುಕೊಂಡು ಒಂದನ್ನು ಅಗಿದರು. ಎಲೆಯ ಸುದ್ದಿ ಕೇಳಿದ ಮೇಲೆ ಹುಲುಗಪ್ಪನಿಗೂ ಬೇರೆ ಮಾತು ಉಳಿಯಲಿಲ್ಲ. ಶನಿವಾರ ಹೊಸಪೇಟೆ ಸ್ಟೇಷನ್ನಿನಲ್ಲಿ ಅವನನ್ನು ರೈಲು ಹತ್ತಿಸಿದೆವು.

ಇನ್ನು ಸಂಡೂರು. ಒಬ್ಬ ಕಡಿಮೆ ಬಿದ್ದದ್ದಕ್ಕೆ ಮಾವ ಸುತ್ತ ನೋಡಿದರು, ನನ್ನ ಗಂಡ ಕಣ್ಣಿಗೆ ಬಿದ್ದರು. ಮೂವತ್ತೆಂಟು ವರ್ಷದ ಎಡಗಡೆ ಕಾರ್ನರ್! ಮೊದಲ ರೇಡಿಗೇ ಔಟಾಗಿ ಬಂದು ನನ್ನ ಪಕ್ಕ ಕೂತು ಶೇಂಗಾ ಸುಲಿದರು. ಆದರೂ ಹುಡುಗರು ಜೀವ ಬಿಟ್ಟು ಆಡಿದರು, ಒಂದೇ ಒಂದು ಅಂಕದಿಂದ ಸೋತೆವು. ಎಂಟನೇ ಫಲಕ ಮನೆಗೆ ಬಂತು. ಅತ್ತೆ ಅದನ್ನು ತಿರುಗಿಸಿ ನೋಡಿ, "ಚಲೋ ಆತು, ಟೇಬಲ್ಲಿನ ನಾಕನೇ ಕಾಲು ಅಳ್ಳಾಡ್ತಿತ್ತು" ಎಂದರು. ಗಾಜಿನ ಬಾಗಿಲಿನ ಗೂಡಿನಲ್ಲಿ ಈಗ ಟಿವಿಯ ರಿಮೋಟು ಇದೆ.

ಹುಬ್ಬಳ್ಳಿಯಲ್ಲಿ ಹುಲುಗಪ್ಪ ಆಯ್ಕೆಯಾದ. ಆಯ್ಕೆ ಅಂದರೆ ಎಂಥದು? ತಂಡದ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು. ಅವನಿಗಿಂತ ಮುಂಚೆ ನಾಲ್ಕು ಜನಕ್ಕೆ ಕಾಲು ಉಳುಕಬೇಕು, ಆಗ ಇವನಿಗೆ ಅವಕಾಶ. ಆದರೆ ನಮ್ಮ ಓಣಿಗೆ ಅಷ್ಟು ಸೂಕ್ಷ್ಮ ಯಾಕೆ? ಮೊದಲ ಪಂದ್ಯದ ಸಂಜೆ ಮಾವನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಮಲಾಪುರದಿಂದ ಅವನ ತಾಯಿ ಬಂದಿದ್ದರು. ಮಾವ ಅವರಿಗೆ ಕಾಣದ ಹಾಗೆ ಕಂಬದ ಮರೆಯಲ್ಲಿ ಕೂತಿದ್ದರು, ಯುಗಾದಿ ಹತ್ತಿರ ಬಂದಿತ್ತಲ್ಲ.

ಪಂದ್ಯ ಶುರುವಾಗಿ ಎಷ್ಟು ಹೊತ್ತಾದರೂ ಹುಲುಗಪ್ಪ ಕಾಣಲಿಲ್ಲ. ಕೊನೆಗೆ ಕ್ಯಾಮೆರಾ ಒಂದು ಕ್ಷಣ ಬೆಂಚಿನ ಕಡೆ ತಿರುಗಿತು. ಐದಾರು ಹುಡುಗರು ಸಾಲಾಗಿ ಕೂತಿದ್ದರು, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಎಲ್ಲರಿಗೂ ಪಾದದವರೆಗೆ ಟ್ರ್ಯಾಕ್ ಪ್ಯಾಂಟು. ಒಬ್ಬರ ಮೀನಖಂಡವೂ ಕಾಣುವಂತಿಲ್ಲ! ಅವನ ತಾಯಿಯೇ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರು. ಆಗ ಕಂಬದ ಮರೆಯಿಂದ ಮಾವನ ದನಿ ಬಂತು.

"ಎಡಗಡಿಂದ ಎರಡನೇದವ. ನೋಡ್ರಿ, ಹುಲುಗ."

ಹೌದು, ಅವನೇ. ಮನೆಯಲ್ಲಿ ಗದ್ದಲವೆದ್ದಿತು. ನಾನು ಮಾವನ ಪಕ್ಕಕ್ಕೆ ಹೋಗಿ ಕೂತು ಕೇಳಿದೆ, "ಮಾವ, ಪ್ಯಾಂಟು ಹಾಕ್ಯಾನ. ಹೆಂಗ ಗುರ್ತು ಹಿಡಿದ್ರಿ?"

"ಮುಖ ನೋಡಿ."

"ನೀವಾ?"

"ಅವತ್ತು ಮೈದಾನದಾಗ ನೋಡಿದ್ನಲ್ಲ, ಮರ್ಯಂಗಿಲ್ಲ." ಆಮೇಲೆ ಟಿವಿಯ ಕಡೆ ನೋಡುತ್ತಲೇ ಹೇಳಿದರು. "ನನಗೂ ಇಪ್ಪತ್ತೊಂದು ಇತ್ತವ್ವ. ಕಂಪ್ಲ್ಯಾಗ ಒಬ್ಬ ಹಿರೇರ ಕೈಲಿ ಎಲಿ ತಿಂದು ಅವರ ತಂಡಕ್ಕ ಆಡ್ತಿದ್ದೆ. ರಾಜ್ಯದ ತಂಡಕ್ಕ ಬಾ ಅಂತ ಕಾಗದ ಬಂತು. ನಾ ಹೋಗಂಗಿಲ್ಲ, ಎಲಿ ತಿಂದೀನಿ ಅಂದೆ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ನಕ್ಕೆ. ಆ ಹಿರೇರು ನನ್ನ ಕಾಲಿಗೆ ಎಣ್ಣಿ ತಿಕ್ಕಿಕೋಂತ ಕುಂತಿದ್ರು. ಭಾಳ ಒಳ್ಳೇರು ಅವರು. ಒಮ್ಮಿ ತಲಿ ಎತ್ತಿ ನನ್ನ ಮುಖ ನೋಡಿದ್ರ ಸಾಕಿತ್ತು, ನನ್ನ ಕಳಿಸಿಬಿಡ್ತಿದ್ರು. ನೋಡ್ಲಿಲ್ಲ."

ಟಿವಿಯಲ್ಲಿ ಯಾರೋ ಅಂಕ ಗಳಿಸಿದರು. ಮಾವ ತಮ್ಮ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು, ಎಣ್ಣೆ ಇರಲಿಲ್ಲ.

"ಆಮ್ಯಾಲ ನಾನೂ ಹಂಗ ಮಾಡಿದೆ ನೋಡು. ಎಷ್ಟು ಹುಡುಗ್ರು ಬಂದು ಹೋದ್ರು. ಎಷ್ಟು ಮಂದಿ ಹಂಗ ನಕ್ಕಿದ್ರೋ ಏನೋ."

ಬೆಂಚಿನ ಮೇಲೆ ಕೂತಿದ್ದ ಹುಲುಗಪ್ಪ ಮತ್ತೊಮ್ಮೆ ಕಂಡ, ಜನ ಮತ್ತೊಮ್ಮೆ ಕೂಗಿದರು. ನಾನು ನೆಲ ನೋಡುತ್ತಾ ಕೂತೆ.

"ಯಾಕವ್ವ," ಎಂದು ಮಾವ ಮೆಲ್ಲಗೆ ಕೇಳಿದರು, "ಕಣ್ಣಾಗ ನೀರು ಯಾಕ?"

ಆಗ ತಲೆಯೆತ್ತಿದೆ. ಮಾವ ನನ್ನ ಮುಖ ನೋಡುತ್ತಿದ್ದರು.